ಜೆರಾಕ್ಸಿನಲ್ಲಿ ಬಂದ ಹೆಬ್ಬೆರಳು

ನನ್ನ ಪ್ರಬಂಧಕ್ಕೆ ಬೇಕಿದ್ದ ಒಂದು ಅಧ್ಯಾಯದ ಜೆರಾಕ್ಸನ್ನು ಸಂಶೋಧನಾ ಗ್ರಂಥಾಲಯದಿಂದ ತರಿಸಿಕೊಂಡಾಗಲೆಲ್ಲ, ಕೊನೆಯ ಪುಟದ ಮೇಲೆ ಯಾರದೋ ಹೆಬ್ಬೆರಳು ಮೂಡಿ ಬರುತ್ತಿತ್ತು. ನನಗೆ ಬೇಕಾದ ಸಾಲುಗಳೇ ಮುಚ್ಚಿಹೋಗುತ್ತಿದ್ದವು. ಫೋನಿನಲ್ಲಿ ಬೈದು ಬೈದು ಗಂಟಲು ಒಣಗಿತೇ ಹೊರತು ಬೆರಳು ಕದಲಲಿಲ್ಲ. ತಲೆಕೆಟ್ಟು ನಾನೇ ಹೋದೆ.

“ನನ್ನ ಬೆರಳು ಅಂತೀರಲ್ಲ ಮೇಡಂ, ತಗೊಳ್ಳಿ, ನೀವೇ ತೆಗೀರಿ,” ಎಂದು ಜೆರಾಕ್ಸ್ ತೆಗೆಯುವವರು ರೇಗಿ ಎದ್ದರು.

ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಒತ್ತಿ ಹಿಡಿದು ಗುಂಡಿ ಅದುಮಿದೆ. ಬಿಸಿಯಾಗಿ ಬರಬೇಕಾದ ಹಾಳೆ ಕೊರೆಯುವಷ್ಟು ತಣ್ಣಗಿತ್ತು. ಹೆಬ್ಬೆರಳು ಅಲ್ಲೇ ಇತ್ತು. ಈ ಸಲ ಪಕ್ಕದಲ್ಲಿ ತೋರುಬೆರಳೂ ಇತ್ತು.

“ಇನ್ನೊಂದ್ಸಲ ಒತ್ತಬೇಡಿ,” ಎಂದರು ಅವರು ಮೆಲ್ಲಗೆ.

ಆ ಸಾಲುಗಳನ್ನು ಪುಸ್ತಕದಲ್ಲೇ ಓದಿ ಮುಗಿಸೋಣವೆಂದು ಮುಚ್ಚಳ ತೆಗೆದೆ. ಎಳೆದರೆ ಪುಸ್ತಕ ಬರಲಿಲ್ಲ. ಗಾಜಿನ ಕೆಳಗಿನಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡಿದ್ದರು.