ತಿರುಗಿಸಿದವರು

ನಮ್ಮ ಹೆಮ್ಮರಗಾಲದ ಟ್ಯಾಕ್ಸಿ ಶಿವಮೂರ್ತಿ ಸುಳ್ಳು ಹೇಳುವ ಆಸಾಮಿಯಲ್ಲ. ಆವತ್ತು ಸುಡು ಮಧ್ಯಾಹ್ನ, ನಂಜನಗೂಡಿನಿಂದ ತಂದ ಹೊಸ ಟೈಮಿಂಗ್ ಗೇರುಗಳನ್ನು ಹಿತ್ತಲಲ್ಲಿ ನಿಲ್ಲಿಸಿದ್ದ ಹಳೇ ಕಾರಿಗೆ ಹಾಕುತ್ತಿದ್ದ. ಎರಡು ಗೇರುಗಳ ಹಲ್ಲಿನ ಮೇಲಿರುವ ಗುರುತು ಎದುರುಬದುರು ಬರುವವರೆಗೆ ಒಬ್ಬರು ಕಾರಿನಡಿ ಮಲಗಿ ಸ್ಪ್ಯಾನರಿನಿಂದ ಎಂಜಿನ್ ತಿರುಗಿಸಬೇಕು. ಆ ಕೆಲಸ ಯಾವತ್ತೂ ಹೆಂಡತಿ ಯಶೋಧರಾಳದು. ಅವಳು ತೀರಿಕೊಂಡು ತಿಂಗಳಾಗಿತ್ತು.

ಬಾನೆಟ್ಟಿನೊಳಗೆ ಬಗ್ಗಿದ್ದವನು ಮೈಮರೆತು, "ಒಸಿ ತಿರುಗ್ಸಮ್ಮಿ" ಅಂದುಬಿಟ್ಟ.

ಗೇರು ತಿರುಗಿತು.

ಕಾಲ ಬಳಿ ಬಾವಿಯೊಳಗಿನಂಥ ತಣ್ಣನೆ ಗಾಳಿ ಸುಳಿಯಿತು. ಅವನ ಕಣ್ಣು ತುಂಬಿ ಬಂತು. "ಸಾಕು" ಅಂದ, ನಿಂತಿತು. "ಇನ್ನೊಂಚೂರು" ಅಂದ, ಗುರುತಿಗೆ ಗುರುತು ಸರಿಯಾಗಿ ಬಂದು ಕೂತಿತು. ಅವಳ ಬಳೆಯ ಸದ್ದಿಗಾಗಿ ಕಿವಿಗೊಟ್ಟ. ಯಾರೋ ಬಾಯಿಂದ ಉಸಿರು ಬಿಡುವುದಷ್ಟೇ ಕೇಳಿಸಿತು.

"ಯಶೋಧರಾ, ನೀನೇನಾ?"

ಕೆಳಗೆ ಗಂಡು ದನಿಯೊಂದು ಕೆಮ್ಮಿತು. "ಅವ್ಳು ಇಲ್ಲಿಲ್ಲ ಕಣ್ಲಾ," ಅಂದಿತು. "ಎಲ್ಲೂ ಇಲ್ಲ."

ಶಿವಮೂರ್ತಿ ಬಗ್ಗಿ ಕಾರಿನಡಿ ನೋಡಿದ. ಯಾರೂ ಇರಲಿಲ್ಲ. ಬೋಲ್ಟಿಗೆ ಸಿಕ್ಕಿಸಿದ್ದ ಸ್ಪ್ಯಾನರು ಮಾತ್ರ ಇನ್ನೂ ತಿರುಗುತ್ತಿತ್ತು, ನಿಧಾನವಾಗಿ, ಹಿಂದಕ್ಕೆ.