ಪಿಪಿನ್ ಹಾರಿಹೋದ ಸೋಮವಾರ

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ನೋಲಾ ಪೆನ್‌ಹೇಲ್ ಪಂಜರದ ಮೇಲಿನ ಬಟ್ಟೆ ಸರಿಸಿದರು. ಬಾಗಿಲು ತೆರೆದಿತ್ತು. ಕೋಲಿನ ಮೇಲೆ ಒಂದೇ ಹಕ್ಕಿ ಕೂತಿತ್ತು.

ಅದು ಟ್ಯಾನ್ಸಿ, ಹೆಣ್ಣು ಲವ್‌ಬರ್ಡ್. ಅದರ ಜೋಡಿ ಪಿಪಿನ್ ಇರಲಿಲ್ಲ.

ಎಂಟಕ್ಕೆ ಮೂಂಟಾ ಎಂಬ ಆ ಪುಟ್ಟ ಊರಿನ ಪೊಲೀಸ್ ಠಾಣೆ ತೆರೆಯಿತು. ಎಂಟೂ ಎರಡಕ್ಕೆ ಅಲ್ಲಿಗೆ ನೋಲಾರ ಫೋನ್ ಬಂತು. ಸೀನಿಯರ್ ಕಾನ್‌ಸ್ಟೇಬಲ್ ಲೊವೆನಾ ಟ್ರೆಂಗೋವ್ ತಾನೇ ಹೊರಟಳು. ಬೇರೆಯವರಾಗಿದ್ದರೆ ನಕ್ಕು ಫೋನ್ ಇಡುತ್ತಿದ್ದರು. ಆದರೆ ಮೂರನೇ ತರಗತಿಯಲ್ಲಿ ಅವಳಿಗೆ ಓದು ಹತ್ತಿಸಿದವರು ಇದೇ ನೋಲಾ ಟೀಚರ್. ಅಲ್ಲದೆ ಅವಳಪ್ಪ ಹಿತ್ತಿಲ ಶೆಡ್ಡಿನಲ್ಲಿ ನಲವತ್ತು ಲವ್‌ಬರ್ಡ್ ಸಾಕಿದ್ದವರು. ಅವುಗಳ ಬುದ್ಧಿ ಅವಳಿಗೆ ಗೊತ್ತಿತ್ತು.

"ಯಾರೋ ಕದ್ದಿದಾರೆ, ಲೊವೆನಾ. ಯಾರು ಅಂತಾನೂ ನಂಗೊತ್ತು," ಎಂದರು ನೋಲಾ.

ಪಕ್ಕದ ಮನೆಯ ಡ್ರಗಾನಾ ವುಕೋವಿಚ್. ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಹಗಲಿಡೀ ಹಕ್ಕಿಗಳು ಕಿರುಚುತ್ತವೆ, ನಿದ್ದೆಯಿಲ್ಲ ಎಂದು ಹಿಂದಿನ ವಾರವಷ್ಟೇ ಚೀಟಿ ಬರೆದು ಬಾಗಿಲಡಿ ತೂರಿಸಿದ್ದಳು.

ನೋಲಾರ ಗಂಡ ಕ್ಲಾರಿ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದರು. ಎಂಬತ್ತೊಂದು ವರ್ಷ. ಬಾರ್ಲಿ ಗೋದಾಮಿನಲ್ಲಿ ದುಡಿದ ದೊಡ್ಡ ಕೈಗಳು. ಕದ್ದದ್ದಲ್ಲ, ತಪ್ಪು ತನ್ನದೇ ಎಂದರು. ರಾತ್ರಿ ಬಾಗಿಲಿಗೆ ಕೊಕ್ಕೆ ಹಾಕಲು ಮರೆತಿದ್ದರಂತೆ. ಐದೂವರೆಗೆ ಪೇಪರ್ ತರಲು ಹೋದಾಗ ಹಿಂಬಾಗಿಲು ತೆರೆದೇ ಇತ್ತಂತೆ. ಪಿಪಿನ್ ಹಾರಿಹೋಗಿರಬೇಕು.

ನಂಬಬಹುದಾದ ಮಾತೇ. ಪಿಪಿನ್ ಅಂಥ ಪುಂಡ. ಮೇಲಕ್ಕೆ ಜಾರುವ ಪುಟ್ಟ ಬಾಗಿಲನ್ನು ಕೊಕ್ಕಿನಿಂದ ಎತ್ತಿ, ತಲೆಯ ಮೇಲೆ ಹೊತ್ತು, ಕೆಳಗಿನಿಂದ ನುಸುಳಿ ಬರುತ್ತಿತ್ತು. ಬಂದು ಕ್ಲಾರಿಯ ಸ್ವೆಟರಿನ ಗುಂಡಿ ಕೀಳುತ್ತಿತ್ತು. ಕ್ಲಾರಿ ದಾರ ಕಟ್ಟಿದರು, ಕಡಿದುಹಾಕಿತು. ರಬ್ಬರ್ ಬ್ಯಾಂಡ್ ಹಾಕಿದರು, ಅದನ್ನೂ ತುಂಡರಿಸಿತು. ಕೊನೆಗೆ ಮೂರು ವಾರದ ಹಿಂದೆ ಹಾರ್ಡ್‌ವೇರ್ ಅಂಗಡಿಯಿಂದ ಫಳಫಳ ಹೊಳೆಯುವ ಸ್ಪ್ರಿಂಗ್ ಕೊಕ್ಕೆ ತಂದರು. ಅದನ್ನು ಬಿಚ್ಚುವುದು ಪಿಪಿನ್‌ಗೆ ಆಗಲಿಲ್ಲ.

"ಆ ಕೊಕ್ಕೆ ಎಲ್ಲಿ?" ಲೊವೆನಾ ಕೇಳಿದಳು.

"ಎಲ್ಲೋ ಬಿತ್ತು. ಸಿಗ್ಲಿಲ್ಲ," ಎಂದರು ಕ್ಲಾರಿ.

ಅವಳು ಹಿಂಬಾಗಿಲಿನಿಂದ ಹೊರಟಳು. ಜಾಲರಿ ಬಾಗಿಲು ತಾನಾಗಿ ಮುಚ್ಚಿಕೊಂಡು ಹಿಮ್ಮಡಿಗೆ ಬಡಿಯಿತು. ಅವಳು ನಿಂತು ಅದರ ಸ್ಪ್ರಿಂಗ್ ನೋಡಿದಳು. ಬಿಗಿಯಾಗಿತ್ತು.

* * *

ಮಧ್ಯಾಹ್ನದೊಳಗೆ ಸುದ್ದಿ ಬೇಕರಿ ಮುಟ್ಟಿತು. ನೋಲಾ ಪೇಸ್ಟಿ ಎಂಬ ಮಾಂಸದ ಕಡುಬು ಕೊಳ್ಳುವ ಸಾಲಿನಲ್ಲಿ ನಿಂತು ಡ್ರಗಾನಾಳ ಹೆಸರು ಹೇಳಿದ್ದರು. ಮೂವತ್ತು ವರ್ಷ ಊರಿನ ಮಕ್ಕಳಿಗೆ ಪಾಠ ಹೇಳಿದವರ ಮಾತು. ಯಾರೂ ಪ್ರಶ್ನಿಸಲಿಲ್ಲ.

ಮಂಗಳವಾರ ಲೊವೆನಾ ಡ್ರಗಾನಾಳ ಮನೆಗೆ ಹೋದಳು. ಬಾಗಿಲು ಅರ್ಧವೇ ತೆರೆಯಿತು. ಅವಳ ಕಣ್ಣುಗಳು ಕೆಂಪಾಗಿದ್ದವು. ಬೆಳಿಗ್ಗೆ ಒಬ್ಬ ರೋಗಿ ಅವಳ ಕೈಯಿಂದ ಇಂಜೆಕ್ಷನ್ ಬೇಡ ಎಂದಿದ್ದನಂತೆ. ಹಕ್ಕಿ ಕದ್ದವಳು, ಏನು ಚುಚ್ಚುತ್ತಾಳೋ ಎಂದು.

ಭಾನುವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆ ಏಳೂವರೆಯವರೆಗೆ ಅವಳು ವಾರ್ಡಿನಲ್ಲಿದ್ದಳು. ಲೊವೆನಾ ಅದನ್ನು ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಬಂದಿದ್ದಳು. ಕಳ್ಳತನದ ದಾರಿ ಅಲ್ಲಿಗೆ ಮುಚ್ಚಿತು.

"ಚೀಟಿ ಬರೆದಿದ್ದು ನಾನೇ," ಎಂದಳು ಡ್ರಗಾನಾ. "ಬರೆದ ಮೇಲೆ ಸರಿಹೋಯ್ತಲ್ಲ, ಇನ್ಯಾಕೆ ಕದೀಲಿ? ಶನಿವಾರ, ಭಾನುವಾರ ಎರಡು ದಿನಾನೂ ಒಂದು ಸದ್ದಿಲ್ಲ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಮಲಗಿದ್ದೆ."

ಲೊವೆನಾ ಪುಸ್ತಕದಲ್ಲಿ ಬರೆಯುತ್ತಿದ್ದವಳು ಪೆನ್ ನಿಲ್ಲಿಸಿದಳು.

ಶನಿವಾರದಿಂದಲೇ ಸದ್ದಿಲ್ಲ. ಪಿಪಿನ್ ಕಾಣೆಯಾದದ್ದು ಸೋಮವಾರ.

* * *

ಬುಧವಾರ ಹತ್ತು ಗಂಟೆಗೆ ಅವಳು ಮತ್ತೆ ಪೆನ್‌ಹೇಲ್ ಮನೆಗೆ ಬಂದಳು. ನೋಲಾ ಬೀದಿಯಲ್ಲಿದ್ದರು. ಒಂದೊಂದು ಮರದಡಿ ನಿಂತು, ಕತ್ತೆತ್ತಿ, ಶಿಳ್ಳೆ ಹಾಕಿ ಪಿಪಿನ್‌ನನ್ನು ಕರೆಯುತ್ತಿದ್ದರು. ಕ್ಲಾರಿ ನಾಲ್ಕು ಹೆಜ್ಜೆ ಹಿಂದೆ, ಹೆಂಡತಿಯ ಕೋಟು ಹಿಡಿದು ನಡೆಯುತ್ತಿದ್ದರು. ಅವರು ಒಮ್ಮೆಯೂ ತಲೆ ಎತ್ತಿ ಮರ ನೋಡಲಿಲ್ಲ.

ಒಳಗೆ ಟ್ಯಾನ್ಸಿ ಪಂಜರದ ನೆಲದ ಮೇಲೆ ಗರಿ ಉಬ್ಬಿಸಿಕೊಂಡು ಕೂತಿತ್ತು. ದಿನವೂ ಪೇಪರನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಬಾಲದ ಗರಿಗೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದ ಹಕ್ಕಿ. ಈಗ ಹಾಸಿದ್ದ ಪೇಪರಿನ ಅಂಚೂ ಹರಿದಿರಲಿಲ್ಲ.

"ಜೋಡಿ ಹೋಯ್ತಲ್ಲ, ಕೊರಗ್ತಿದೆ," ಎಂದರು ಹಿಂದೆಯೇ ಒಳಬಂದ ನೋಲಾ. "ಕಾಳು ಮುಟ್ಟಲ್ಲ. ನೀರು ಮಾತ್ರ ಎಷ್ಟು ಹಾಕಿದ್ರೂ ಖಾಲಿ."

ಲೊವೆನಾ ಬಗ್ಗಿ ನೋಡಿದಳು. ಹಿಕ್ಕೆ ನೀರಾಗಿ, ಕಡು ಹಸಿರಾಗಿತ್ತು. ಬಾಗಿಲ ಕೆಳಗಿನ ತಟ್ಟೆಯ ಮೂಲೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಸಣ್ಣ ಚೂರುಗಳು. ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡಳು.

ಕ್ಲಾರಿಯನ್ನು ಶೆಡ್ಡಿಗೆ ಕರೆದಳು. ಗೋಡೆಯುದ್ದಕ್ಕೂ ಗಾಜಿನ ಡಬ್ಬಿಗಳು. ಒಂದೊಂದು ಅಳತೆಯ ಮೊಳೆಗೂ ಒಂದೊಂದು ಚೀಟಿ.

"ತುಕ್ಕು ಹಿಡಿದ ಮೊಳೇನೂ ಎಸೆಯದ ಮನುಷ್ಯ ನೀವು. ಹೊಸ ಕೊಕ್ಕೆ ಕಳ್ಕೊಂಡ್ರಾ?"

ಕ್ಲಾರಿ ಒಂದು ಡಬ್ಬಿಯ ಮುಚ್ಚಳ ಬಿಗಿ ಮಾಡಿದರು.

"ಪಿಪಿನ್ ಸತ್ತಿದೆ, ಅಲ್ವಾ? ನಾನು ಬೈಯ್ಯೋಕೆ ಬಂದಿಲ್ಲ. ಟ್ಯಾನ್ಸಿಗೆ ಆಗಿರೋದು ಕೊರಗಲ್ಲ, ಕ್ಲಾರಿ. ವಿಷ. ಅದೂ ಆ ಕೊಕ್ಕೆ ಕಡಿದಿದೆ."

ಕ್ಲಾರಿ ಡಬ್ಬಿಗಳ ಕೆಳಗಿನ ಸ್ಟೂಲಿನ ಮೇಲೆ ಕೂತರು. ತಮ್ಮ ಕೋಟಿನ ಒಳಜೇಬಿಗೆ ಕೈಹಾಕಿ ಕೊಕ್ಕೆ ತೆಗೆದು ಅವಳ ಅಂಗೈಗೆ ಹಾಕಿದರು. ಅದರ ಒಂದು ಬದಿಯ ಹೊಳಪೆಲ್ಲ ಕೆರೆದುಹೋಗಿತ್ತು.

"ಟ್ಯಾನ್ಸೀನೂ ಸಾಯ್ತಾಳಾ?"

"ಈಗ ಹೊರಟ್ರೆ ಉಳೀಬಹುದು. ಆದ್ರೆ ಟೀಚರಿಗೆ ನೀವೇ ಹೇಳ್ಬೇಕು."

* * *

ಪಕ್ಕದ ಊರು ಕಡೀನಾದ ಪಶುವೈದ್ಯರ ಬಳಿಗೆ ಹದಿನೈದು ನಿಮಿಷದ ದಾರಿ. ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತಿದ್ದರು, ನಡುವೆ ಪಂಜರ. ಕ್ಲಾರಿ ಹೇಳುತ್ತಾ ಹೋದರು. ಸೋಮವಾರ ಐದು ಗಂಟೆಗೆ ಎದ್ದು ಬಟ್ಟೆ ಎತ್ತಿದಾಗ ಪಿಪಿನ್ ಬಾಗಿಲ ಬುಡದಲ್ಲಿ ತಣ್ಣಗೆ ಬಿದ್ದಿತ್ತು. ಕೊಕ್ಕಿನ ತುದಿಯಲ್ಲಿ ಬೆಳ್ಳಿ ಪುಡಿ. ತನ್ನ ಕೊಕ್ಕೆಯೇ ಕೊಂದದ್ದು ಎಂದು ತಿಳಿಯಿತು. ಹಿತ್ತಿಲಲ್ಲಿ ಹೂತರು. ಬಾಗಿಲು ತೆರೆದಿಟ್ಟರು. ಸತ್ತದ್ದಕ್ಕಿಂತ ಹಾರಿಹೋದದ್ದು ನೋಲಾಗೆ ಹಗುರಾಗಬಹುದು ಎಂದುಕೊಂಡರು.

ನೋಲಾ ಪಂಜರದ ಮೇಲಿಂದ ಕೈ ತೆಗೆಯಲಿಲ್ಲ.

ವೈದ್ಯರು ಟ್ಯಾನ್ಸಿಯನ್ನು ಒಳಗೆ ಒಯ್ದರು. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ನಾಲ್ಕು ಬಿಳಿ ಚುಕ್ಕೆ ಕಂಡವು. ಲೋಹ. ಆಗಲೇ ಇಂಜೆಕ್ಷನ್ ಶುರು ಮಾಡಿದರು.

ಹೊರಗಿನ ಬೆಂಚಿನ ಮೇಲೆ ನೋಲಾ, ನಿನಗೆ ಹೇಗೆ ಗೊತ್ತಾಯಿತು ಎಂದು ಲೊವೆನಾಳನ್ನು ಕೇಳಿದರು.

ಅವಳು ಬಿಡಿಸಿ ಹೇಳಿದಳು. ಮನೆಯ ಜಾಲರಿ ಬಾಗಿಲು ತೆರೆದು ನಿಲ್ಲುವಂಥದ್ದಲ್ಲ. ಹಾಗಾಗಿ ಹಕ್ಕಿ ಹೊರಗೆ ಹಾರಿಲ್ಲ. ಪಿಪಿನ್ ಶನಿವಾರವೇ ಮೌನವಾಗಿತ್ತು. ಕಿರುಚುವ ಹಕ್ಕಿ ಸುಮ್ಮನಾದರೆ ಅದು ಶಿಸ್ತು ಕಲಿತದ್ದಲ್ಲ, ಕಾಯಿಲೆ ಬಿದ್ದದ್ದು. ಕೊರಗುವ ಹಕ್ಕಿ ಬೋಗುಣಿಗಟ್ಟಲೆ ನೀರು ಕುಡಿಯುವುದಿಲ್ಲ. ವಿಷ ಒಳಗಿರುವ ಹಕ್ಕಿ ಕುಡಿಯುತ್ತದೆ. ಅಗ್ಗದ ಕೊಕ್ಕೆಗೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಹಕ್ಕಿಗೆ ಅದೇ ವಿಷ. ಹೊಳೆಯುವುದನ್ನು ಕಂಡರೆ ಲವ್‌ಬರ್ಡ್ ಕಡಿಯದೆ ಬಿಡುವುದಿಲ್ಲ. ಅವಳಪ್ಪ ಒಮ್ಮೆ ಅಂಥದೇ ಲೇಪದ ಹೊಸ ತಂತಿಯ ಬಲೆ ಹಾಕಿ ಒಂದೇ ವಾರದಲ್ಲಿ ಆರು ಹಕ್ಕಿ ಕಳೆದುಕೊಂಡಿದ್ದರು.

"ಕಳೆದುಹೋದದ್ದನ್ನ ಹುಡುಕೋರು ಮೇಲೆ ನೋಡ್ತಾರೆ, ಟೀಚರ್. ಕ್ಲಾರಿ ಒಂದ್ಸಲಾನೂ ನೋಡ್ಲಿಲ್ಲ."

ನೋಲಾ ಗಂಡನ ಕಡೆ ತಿರುಗಿದರು. "ಮೂರು ದಿನ ಬೀದಿಬೀದಿ ಸುತ್ತಿ ಕರೆದೆ. ಕೋಟು ಹಿಡ್ಕೊಂಡು ಹಿಂದೆ ಬಂದ್ರಿ. ಹೇಳ್ಬೇಕು ಅನ್ನಿಸ್ಲಿಲ್ವಾ?"

ಕ್ಲಾರಿ ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ನೀನು ಕರೀತಿದ್ದಾಗ," ಎಂದರು ತಡೆದು ತಡೆದು, "ಅವನು ಎಲ್ಲೋ ಇದಾನೆ ಅಂತ ನಂಗೂ ಅನ್ನಿಸ್ತಿತ್ತು."

ನೋಲಾ ಆ ದೊಡ್ಡ ಕೈಯೊಂದನ್ನು ಎತ್ತಿ ತಮ್ಮ ಮಡಿಲಿಗೆ ಇಟ್ಟುಕೊಂಡರು.

* * *

ಗುರುವಾರ ನೋಲಾ ಬೇಕರಿಗೆ ಹೋದರು. ಸಾಲಿನ ನಡುವೆ ನಿಂತು, ಇಡೀ ತರಗತಿಗೆ ಕೇಳಿಸುವ ದನಿಯಲ್ಲಿ, ತಾನು ಡ್ರಗಾನಾಳ ಮೇಲೆ ಸುಳ್ಳು ಹೊರಿಸಿದೆ ಎಂದರು. ಅಲ್ಲಿಂದ ನೇರ ಅವಳ ಬಾಗಿಲಿಗೆ ಹೋದರು. ಈ ಸಲವೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಡ್ರಗಾನಾ ಕೇಳಿಸಿಕೊಂಡಳು, ತಲೆಯಾಡಿಸಿದಳು, ಬಾಗಿಲು ಹಾಕಿಕೊಂಡಳು.

ಟ್ಯಾನ್ಸಿ ಒಂದು ವಾರದ ಮೇಲೆ ಮನೆಗೆ ಬಂತು. ಲೊವೆನಾ ಬಾಗಿಲಿಗೆ ಸ್ಟೀಲ್ ಕೊಕ್ಕೆ ತಂದು ಹಾಕಿದಳು. ಬೀಗ ಬಿಗಿ ಮಾಡಿದರೆ ಸಾಲದು, ಕೊಕ್ಕಿಗೆ ಕೆಲಸ ಬೇಕು ಎಂದಳು. ಸಂಜೆ ಎರಡು ಗಂಟೆ ಹೊರಗೆ ಬಿಡಬೇಕು. ಹರಿಯಲು ತಾಳೆಗರಿ ಕಟ್ಟಬೇಕು. ಕಾಳನ್ನು ಬಟ್ಟಲಿಗೆ ಸುರಿಯದೆ ಕಾಗದದಲ್ಲಿ ಸುತ್ತಿಟ್ಟರೆ ಹುಡುಕಿ ತಿನ್ನುತ್ತದೆ, ಪುಂಡಾಟಕ್ಕೆ ಪುರಸೊತ್ತಿರುವುದಿಲ್ಲ.

ಔಷಧಿ ಮಾತ್ರ ದಿನಕ್ಕೆರಡು ಸಲ ಕೊಕ್ಕಿನೊಳಗೆ ಬಿಡಬೇಕಿತ್ತು. ನೋಲಾ ಬಿಟ್ಟ ಹನಿ ಗರಿಯ ಮೇಲೆ ಚೆಲ್ಲುತ್ತಿತ್ತು. ಕ್ಲಾರಿ ಹಕ್ಕಿ ಮುಟ್ಟಲು ಹೆದರುತ್ತಿದ್ದರು. ಎರಡನೇ ದಿನ ಸಂಜೆ ಹಿಂಬಾಗಿಲು ತಟ್ಟಿದ ಸದ್ದಾಯಿತು. ಡ್ರಗಾನಾ, ಪಾಳಿಗೆ ಹೊರಟ ಸಮವಸ್ತ್ರದಲ್ಲಿ. ಹಕ್ಕಿಯ ಸುದ್ದಿ ಅವಳಿಗೂ ಮುಟ್ಟಿತ್ತು.

"ಔಷಧಿ ಎಲ್ಲಿ?" ಎಂದಳು. ಕ್ಷೇಮ ಸಮಾಚಾರ ಕೇಳಲಿಲ್ಲ.

ಟ್ಯಾನ್ಸಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದು ಎರಡು ಹನಿ ಬಿಟ್ಟಳು. ಹಕ್ಕಿ ನುಂಗಿತು. ನುಂಗಿದ್ದೇ ತಡ, ಕತ್ತು ಹೊರಳಿಸಿ ಅವಳ ಹೆಬ್ಬೆರಳನ್ನು ಕಚ್ಚಿತು. ರಕ್ತ ಬಂತು.

ಕ್ಲಾರಿ ಗಾಬರಿಯಾಗಿ ಬಟ್ಟೆ ಹುಡುಕಿದರು. ಡ್ರಗಾನಾ ಬೆರಳು ನೋಡಿಕೊಂಡಳು. ಮೊದಲ ಬಾರಿಗೆ ಆ ಮನೆಯಲ್ಲಿ ನಕ್ಕಳು.

"ಇದು ಬದುಕುತ್ತೆ," ಎಂದಳು.