ತಲೆಕೆಳಗಾದ ಪೆಡಲು

ಬೋಪದೇವ ಘಾಟಿನ ತಿರುವಿನಲ್ಲಿ ಶಿವರಾಜನ ಹೆಣ ಸಿಕ್ಕ ಮೂರನೆಯ ದಿನ, ಕಲ್ಲವ್ವ ಪುಣೆ ಕ್ಯಾಂಪಿನ ನಿಜಲಿಂಗಪ್ಪನವರ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಸಾಹೇಬ್ರ, ಠಾಣೆಯೊಳಗ ನನ್ನ ಮಗ ಮಾಂತೂನ್ನ ಹೊಡದು ಕೊಲ್ಲಾಕ ಹತ್ಯಾರ್ರಿ. ಎರಡು ಹಲ್ಲು ಹೋಗ್ಯಾವ. ಅವ ಕೊಲೆ ಮಾಡಿಲ್ರಿ!"

ಒಳಗೆ ಚಹಾ ಸೋಸುತ್ತಿದ್ದ ಪ್ರೇಮಾವತಿಯ ಕೈ ನಿಂತಿತು. ಮೂವತ್ತು ವರ್ಷ ನರ್ಸ್ ಆಗಿದ್ದ ಅವಳಿಗೆ ಗಾಯಗಳು ಹೊಸದಲ್ಲ. ಆದರೂ ಆ ತಾಯಿಯ ದನಿ ಎದೆಗೆ ಇರಿಯಿತು. ಅಣ್ಣ ನಿಜಲಿಂಗಪ್ಪ ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಪತ್ತೇದಾರಿಕೆ ಬಿಟ್ಟಿರಲಿಲ್ಲ. ಅವರೊಂದಿಗೆ ಅವಳು ಹೊರಡುವುದೂ ತಪ್ಪಿರಲಿಲ್ಲ.

ಅದು 1996ರ ಡಿಸೆಂಬರ್. ಶಿವರಾಜ, ಮಾಂತು ಇಬ್ಬರೂ ಸೈಕಲ್ ರೇಸಿನವರು. ಶನಿವಾರ ಕ್ಲಬ್ಬಿನಲ್ಲಿ ಕೈಕೈ ಮಿಲಾಯಿಸಿದ್ದರು. ಭಾನುವಾರ ಬೆಳಿಗ್ಗೆ ಶಿವರಾಜ ಅಭ್ಯಾಸಕ್ಕೆಂದು ಘಾಟು ಹತ್ತಿ ದಣಿವಾರಿಸಿಕೊಳ್ಳುತ್ತಿದ್ದಾಗ ಯಾರೋ ಹಿಂದಿನಿಂದ ಕಬ್ಬಿಣದ ಸಲಾಕೆ ಬೀಸಿದ್ದರು. ಬಿದ್ದ ಮೇಲೂ ಐದು ಏಟು. ತಲೆಬುರುಡೆ ಹೋಳಾಗಿತ್ತು. ಕೊಲೆಗಾರ ಶಿವರಾಜನದೇ ಸೈಕಲ್ಲೇರಿ ಘಾಟು ಇಳಿದು, ಅದನ್ನು ಬುಡದ ಕೊಂಢವಾ ಊರಿನ ಹಳ್ಳದಲ್ಲಿ ಎಸೆದಿದ್ದ.

"ಆ ಇಳಿಜಾರಿನ್ಯಾಗ ರೇಸ್ ಸೈಕಲ್ ಹೊಡಿಯೋದು ರೇಸಿನವಗಷ್ಟ ಸಾಧ್ಯ," ಎಂದರು ಇನ್‌ಸ್ಪೆಕ್ಟರ್.

ನಿಜಲಿಂಗಪ್ಪ ಠಾಣೆಯಂಗಳದಲ್ಲಿದ್ದ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅಂಚಿಗೆ ಚೂಪು ಹಲ್ಲುಗಳಿದ್ದ ಪೆಡಲಿಗೆ, ಪಾದ ಸರಿಯದಂತೆ ಹಿಡಿಯುವ ಉಕ್ಕಿನ ಕೊಕ್ಕೆಯಿತ್ತು. ಅದು ಬಾಗಿ, ತುದಿ ಹೊಸದಾಗಿ ಉಜ್ಜಿ ಹೊಳೆಯುತ್ತಿತ್ತು. ರಕ್ತ ಹತ್ತಿದ್ದು ಪೆಡಲಿನ ಬೆನ್ನಿಗೆ, ಕೊಕ್ಕೆಯಿಲ್ಲದ ಮಗ್ಗುಲಿಗೆ. ಮುಂದಿನ ಟೈರಿನ ಪಕ್ಕದಲ್ಲೂ ಒಂದು ಒಣಗಿದ ರಕ್ತದ ಗೀಚು.

ಅಲ್ಲಿಂದ ಅಣ್ಣತಂಗಿ ಶಿವರಾಜನ ಅಕ್ಕ ಮುಕ್ತಾಳ ಮನೆಗೆ ಹೋದರು. ಗಂಡ ಅವಧೂತ ಕುಂಟುತ್ತ ಬಂದು ಬಾಗಿಲು ತೆರೆದ.

"ಸ್ಕೂಟರಿನ ಕಿಕ್ ಬಡೀತ್ರಿ," ಎಂದ, ಕೇಳುವ ಮೊದಲೇ. "ಸೈಕಲ್ ಅಂತೂ ಮುಟ್ಟಿ ಇಪ್ಪತ್ತು ವರ್ಷಾತು."

ನೀರು ತಂದ ಮುಕ್ತಾಳ ಮಣಿಕಟ್ಟಿನಲ್ಲಿ ಐದು ಬೆರಳಿನ ಗುರುತು ನೀಲಿಗಟ್ಟಿದ್ದನ್ನು ಪ್ರೇಮಾವತಿ ಕಂಡಳು. ದಾರಿಯಲ್ಲಿ ಅಣ್ಣನಿಗೆ ಹೇಳಿದಳು.

ಮರುದಿನ ಮಧ್ಯಾಹ್ನ ಕ್ಲಬ್ಬಿನಲ್ಲಿ ಅವಧೂತ, ಮುಕ್ತಾ ಸೇರಿದಂತೆ ಎಲ್ಲರೂ ಕೂಡಿದರು; ಸೈಕಲ್ಲನ್ನೂ ತಂದಿದ್ದರು. ಕೈಕೋಳದಲ್ಲಿದ್ದ ಮಾಂತುವಿನ ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ.

"ರೇಸಿನವ ಕಾಲಬೆರಳಿನ ಬುಡದ ಉಬ್ಬಿನಿಂದ ಪೆಡಲ್ ಒತ್ತತಾನ," ನಿಜಲಿಂಗಪ್ಪ ಆರಂಭಿಸಿದರು. "ಎಷ್ಟ ಗಡಿಬಿಡಿ ಇದ್ರೂ ಬೂಟಿನ ತುದೀಲೆ ಪೆಡಲ್ ಹೊರಳಿಸಿ ಕೊಕ್ಕೆಯೊಳಗ ಕಾಲಿಡತಾನ. ಈ ಕೊಲೆಗಾರಗ ಅದು ಗೊತ್ತಿಲ್ಲ. ತಲೆಕೆಳಗಾದ ಪೆಡಲನ್ನ ತುಳದಾನ. ತೂಗಾಡೋ ಕೊಕ್ಕೆ ರಸ್ತೆಗೆ ಉಜ್ಜೇದ. ಅಂಗಾಲಿನ ನಡೂಮಧ್ಯ ತುಳದದ್ದಕ್ಕ, ರಕ್ತ ಹತ್ತಿದ ಬೂಟಿನ ತುದಿ ಮುಂದ ಚಾಚಿ, ತಿರುವಿನ್ಯಾಗ ಟೈರಿಗೆ ತಾಗೇದ. ಮಾಂತು ಅಲ್ಲ. ಸೈಕಲ್ ಮರತವ."

"ಹಂಗಾರ ಯಾರ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಹಂಗ ತುಳದ ಕಾಲು ಜಾರತದ. ಈ ಪೆಡಲಿನ ಹಲ್ಲು ಮೊಳಕಾಲಿನ ಕೆಳಗ ಕಚ್ಚತದ. ಅವಧೂತ, ಸ್ಕೂಟರ್ ಗುರುತು ಹಿಡದಾರು ಅಂತ ಕೊಂಢವಾದಾಗ ಬಿಟ್ಟು, ಮೊದಲನೇ ಬಸ್ಸಿಗೆ ಮ್ಯಾಲ ಹೋದಿ; ಇಳದು ಬಂದು ಸೈಕಲ್ ಅಲ್ಲೇ ಎಸದಿ. ಪ್ಯಾಂಟ್ ಎತ್ತು."

"ಕಿಕ್ ಬಡದದ ಅಂದೆನಲ್ಲ!"

"ಕಿಕ್ಕಿಗೆ ಹಲ್ಲಿರೂದಿಲ್ರಿ," ಮುಕ್ತಾ ಎದ್ದು ನಿಂತಳು. "ನಾನ ಅರಿಶಿಣ ಹಚ್ಚೇನಿ. ಸಾಲಾಗಿ ನಾಕು ತೂತು."

ಅವಧೂತ ಅವಳ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ. ಮಾಂತು ಕೋಳದ ಕೈಗಳಿಂದಲೇ ಅವನ ಮುಖಕ್ಕೆ ಗುದ್ದಿದ. ಇನ್‌ಸ್ಪೆಕ್ಟರ್ ಅವಧೂತನನ್ನು ನೆಲಕ್ಕೆ ಕೆಡವಿ ಪ್ಯಾಂಟ್ ಎತ್ತಿದರು. ನಿಜಲಿಂಗಪ್ಪ ಪೆಡಲು ಬಿಚ್ಚಿ ತಂದು ಹಿಡಿದಾಗ ನಾಲ್ಕು ಹಲ್ಲೂ ನಾಲ್ಕು ಗಾಯಗಳಿಗೆ ಕೂತವು.

ಪ್ರೇಮಾವತಿ ಮುಕ್ತಾಳ ಹಣೆಯ ರಕ್ತವನ್ನು ಸೆರಗಿನಿಂದ ಒತ್ತಿಹಿಡಿದಳು. ಮುಕ್ತಾಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ನನ್ನ ಬೆನ್ನಿನ ಬಾಸುಂಡೆ ನೋಡಿ, ರೇಸ್ ಮುಗದಕೂಡ್ಲೇ ಧಾರವಾಡದ ತವರಿಗೆ ಕರಕೊಂಡು ಹೋಗ್ತೀನಿ ಅಂದಿದ್ದ ನನ್ನ ತಮ್ಮ. ಅಷ್ಟಕ್ಕ ಇವರು ಕೊಂದ್ರು," ಎಂದಳು. ಆಮೇಲೆ ಇನ್‌ಸ್ಪೆಕ್ಟರರ ಕಡೆ ತಿರುಗಿದಳು. "ಹನ್ನೊಂದು ವರ್ಷದ್ದು ಹೇಳೂದದ. ಬರಕೊಳ್ರಿ."